ಬೋನ್ ಗ್ರಾಫ್ಟ್: ಹರಳಿನ ಹೆಸರಿನ ಜೊತೆಗೆ ವಾಹಕವನ್ನೂ ಓದಿ (ಹನ್ನೆರಡು ವರ್ಷಗಳ ಬಳಕೆಯ ನಂತರ)

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಒಸಡಿನ ರೋಗದಿಂದ ಹಲ್ಲಿನ ಸುತ್ತ ಮೂಳೆ ಕರಗಿದವರಿಗೆ, ಹಲ್ಲು ಕಿತ್ತ ಗುಳಿಯನ್ನು ಇಂಪ್ಲಾಂಟ್‌ಗಾಗಿ ಉಳಿಸಿಕೊಳ್ಳಬೇಕಾದವರಿಗೆ ಬೋನ್ ಗ್ರಾಫ್ಟ್, ಅಂದರೆ ಹೊಸ ಮೂಳೆ ಬೆಳೆಯಲೆಂದು ಆ ಜಾಗಕ್ಕೆ ತುಂಬುವ ವಸ್ತು, ಹಾಕುತ್ತಾ ಹನ್ನೆರಡು ವರ್ಷವಾಯಿತು. ಕಂಪನಿಗಳ ಹೆಸರು ಹೇಳುವುದಿಲ್ಲ. ಒಂದೇ ಬಗೆಯ ಸರಕು ಹತ್ತು ಹೆಸರುಗಳಲ್ಲಿ ಮಾರಾಟವಾಗುತ್ತದೆ. ನಾನು ಬಳಸಿದ ಬಗೆಗಳು ಕೈಯಲ್ಲಿ, ಬಾಯಲ್ಲಿ, ವರ್ಷಗಳ ನಂತರ ಹೇಗೆ ನಡೆದುಕೊಂಡವು ಎನ್ನುವುದಷ್ಟೇ ಈ ಬರಹ.

ಮೊದಲ ಮೂರು ವರ್ಷ ಬರೀ ಹರಳು. ಹೈಡ್ರಾಕ್ಸಿಅಪಟೈಟ್ ಮತ್ತು ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೆರೆತ ಕೃತಕ ಸರಕು, ಉಪ್ಪಿಟ್ಟಿನ ರವೆಯಷ್ಟು ದಪ್ಪ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ತಿಂಗಳುಗಳಲ್ಲಿ ಕರಗಿ ಮೂಳೆಗೆ ಜಾಗ ಬಿಡುತ್ತದೆ. ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಉಳಿದು ಚೌಕಟ್ಟಿನಂತೆ ನಿಲ್ಲುತ್ತದೆ. ಪುಟ್ಟ ಗಾಜಿನ ಬಟ್ಟಲಿಗೆ ಹರಳು ಸುರಿದು, ಗಾಯದಿಂದಲೇ ಎತ್ತಿದ ರಕ್ತವನ್ನು ಹನಿಸಿ ಕಲಸಿದರೆ ಒದ್ದೆ ಮರಳಿನ ಹದ ಬರುತ್ತದೆ. ರಕ್ತ ಕಡಿಮೆಯಾದರೆ ಚಮಚದಿಂದ ಉದುರುತ್ತದೆ, ಹೆಚ್ಚಾದರೆ ತೇಲಿ ಹೋಗುತ್ತದೆ. ಸಹಾಯಕಿ ಸಕ್ಷನ್ ಕೊಳವೆಯನ್ನು ಒಂದಿಷ್ಟು ಹತ್ತಿರ ತಂದರೂ ಅರ್ಧ ಗ್ರಾಫ್ಟ್ ಕೊಳವೆಯ ಪಾಲು.

ಜಗಳೂರು ಕಡೆಯ ರೈತರೊಬ್ಬರು ಶಸ್ತ್ರಚಿಕಿತ್ಸೆಯಾದ ನಾಲ್ಕನೇ ದಿನಕ್ಕೇ ಬಸ್ ಹತ್ತಿ ಬಂದಿದ್ದರು. ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದು ಬಿಡಿಸಿದರು. ಒಳಗೆ ಹತ್ತು ಹನ್ನೆರಡು ಬಿಳಿ ಹರಳುಗಳು. "ಡಾಕ್ಟರಮ್ಮ, ಊಟ ಮಾಡುವಾಗ ಬಾಯಲ್ಲಿ ಮರಳು ಸಿಗುತ್ತಿದೆ. ನೀವು ಹಾಕಿದ್ದೇ ಇರಬೇಕು ಎಂದು ಎತ್ತಿಟ್ಟುಕೊಂಡು ಬಂದೆ" ಎಂದರು. ಮೆಕ್ಕೆಜೋಳ ಮಾರಿದ ಹಣದಲ್ಲಿ ಮಾಡಿಸಿಕೊಂಡ ಚಿಕಿತ್ಸೆ ಅದು. ಹೊಲಿಗೆಯ ಸಂದಿನಿಂದ ಹರಳು ಜಾರಿತ್ತು. ಸರಕಿನಲ್ಲಿ ದೋಷವಿರಲಿಲ್ಲ, ಅದನ್ನು ಹಿಡಿದಿಡುವ ವಸ್ತುವೇ ಅಲ್ಲಿರಲಿಲ್ಲ. ವಾಹಕ, ಅಂದರೆ ನಾವು ಕ್ಯಾರಿಯರ್ ಎನ್ನುವುದರ ಬಗ್ಗೆ ನಾನು ಮನಸ್ಸಿಟ್ಟು ಓದತೊಡಗಿದ್ದು ಆ ಕಾಗದದ ಪೊಟ್ಟಣ ನೋಡಿದ ಮೇಲೆ.

ಆಮೇಲೆ ಪುಟ್ಟಿಗೆ, ಅಂದರೆ ವಾಹಕದಲ್ಲಿ ಮೊದಲೇ ಕಲಸಿಟ್ಟ ಮೆತ್ತನೆಯ ಗ್ರಾಫ್ಟ್‌ಗೆ ಬಂದೆ. ನಾನು ಹೆಚ್ಚು ಬಳಸಿದ್ದು ಬಯೋಆಕ್ಟಿವ್ ಗಾಜಿನ ಪುಟ್ಟಿ. 1969ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಹೆಂಚ್ ರೂಪಿಸಿದ ಗಾಜು ಇದರ ಮೂಲ. ಸಿಲಿಕಾ, ಕ್ಯಾಲ್ಸಿಯಂ, ಸೋಡಿಯಂ, ರಂಜಕ ಸೇರಿದ ಈ ಗಾಜಿಗೆ ದೇಹದ್ರವ ತಾಗಿದರೆ ಮೈಮೇಲೆ ಮೂಳೆಯ ಖನಿಜವನ್ನು ಹೋಲುವ ಪದರ ಕಟ್ಟಿಕೊಂಡು, ಹೊಸ ಮೂಳೆ ಅದಕ್ಕೆ ನೇರವಾಗಿ ಬೆಸೆಯುತ್ತದೆ. ಗಾಜಿನ ಕಣಗಳನ್ನು ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್‌ನಲ್ಲಿ ಕಲಸಿ ಕೊಡುತ್ತಾರೆ. ಹೋಳಿಗೆಯ ಕಣಕದ ಹದ. ಕೊಳವೆಯಿಂದ ಒತ್ತಿದರೆ ಗುಳಿಯ ಮೂಲೆಮೂಲೆಗೂ ಕೂರುತ್ತದೆ, ಉದುರುವುದಿಲ್ಲ, ಕಲಸುವ ಕೆಲಸವೂ ಇಲ್ಲ. ವಾಹಕ ಕೆಲವೇ ದಿನಗಳಲ್ಲಿ ಕರಗಿ, ಕಣಗಳ ನಡುವೆ ರಕ್ತನಾಳ ಹಾಯಲು ದಾರಿ ಬಿಡುತ್ತದೆ. ಕಾಗದದ ಪೊಟ್ಟಣ ಹಿಡಿದು ಬಂದವರು ಇದರ ನಂತರ ಯಾರೂ ಇಲ್ಲ.

ದೂರು ಇಲ್ಲವೆಂದಲ್ಲ. ರಕ್ತ ಚಿಮ್ಮುತ್ತಿರುವ ಗುಳಿಗೆ ಪುಟ್ಟಿ ಹಾಕಿದರೆ ನೆನೆದ ಸಾಬೂನಿನಂತೆ ಜಾರುತ್ತದೆ. ಮೊದಲು ಹತ್ತಿಬಟ್ಟೆ ಒತ್ತಿ ರಕ್ತ ನಿಲ್ಲಿಸಿಕೊಳ್ಳಬೇಕು. ನಮ್ಮ ಏಪ್ರಿಲ್ ತಿಂಗಳ ಬಿಸಿಲು ಇನ್ನೊಂದು ಕಷ್ಟ. ಬಸ್ಸಿನ ಪಾರ್ಸೆಲ್‌ನಲ್ಲಿ ಮಧ್ಯಾಹ್ನವೆಲ್ಲ ಕಾದು ಬಂದ ಕೊಳವೆಯನ್ನು ಒತ್ತಿದಾಗ ಕಣಕ ಹೋಗಿ ದೋಸೆಹಿಟ್ಟು ಬಂದದ್ದಿದೆ. ಈಗ ಬೇಸಿಗೆಯಲ್ಲಿ ಬೆಳಗಿನ ಪಾರ್ಸೆಲ್‌ನಲ್ಲೇ ಕಳಿಸಲು ಹೇಳುತ್ತೇನೆ, ಪೆಟ್ಟಿಗೆಯ ಮೇಲೆ ಬರೆದ ಉಷ್ಣತೆ ಮೀರಿದ್ದನ್ನು ವಾಪಸ್ ಮಾಡುತ್ತೇನೆ. ಬೆಲೆಯೂ ಬರೀ ಹರಳಿಗಿಂತ ಹೆಚ್ಚು. ಅದರಲ್ಲಿ ವಾಹಕವೂ ಜಾಗ ಹಿಡಿದಿರುವುದರಿಂದ ಅರ್ಧ ಸಿಸಿ ಪುಟ್ಟಿ ಎಂದರೆ ಅರ್ಧ ಸಿಸಿ ಗ್ರಾಫ್ಟ್ ಆಗುವುದಿಲ್ಲ. ಹೊಸದಾಗಿ ಕೊಳ್ಳುವವರು ಈ ಲೆಕ್ಕವನ್ನು ಮರೆಯಬೇಡಿ.

ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಬಗೆ, ಕೂಡ ಬಳಸಿದ್ದೇನೆ. ಡ್ರೀಸ್ಮನ್ ಎಂಬ ಜರ್ಮನ್ ವೈದ್ಯ 1892ರಲ್ಲೇ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಮೂಳೆಯ ಗುಳಿ ತುಂಬಿದ್ದನ್ನು ವರದಿ ಮಾಡಿದ್ದ. ಅಗ್ಗ, ಆದರೆ ರಕ್ತ ತಾಗಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಬೇಗ ಕರಗಿಯೂ ಹೋಗುತ್ತದೆ. ಅದನ್ನು ಬಿಟ್ಟುಬಿಟ್ಟೆ.

ಮನುಷ್ಯ ಮೂಳೆಯ ಗ್ರಾಫ್ಟ್ ಬೇಕಾದಾಗ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕಿನಿಂದ ತರಿಸಿದ್ದೇನೆ. ದಾನವಾಗಿ ಬಂದ ಮೂಳೆಯನ್ನು ಸಂಸ್ಕರಿಸಿ, ಗಾಮಾ ಕಿರಣದಿಂದ ಕ್ರಿಮಿಮುಕ್ತಗೊಳಿಸಿ ಕೊಡುತ್ತಾರೆ. ಖನಿಜ ತೆಗೆದ ಮೂಳೆ ಸ್ನಾಯುವಿನೊಳಗಿಟ್ಟರೂ ಹೊಸ ಮೂಳೆಯನ್ನು ಹುಟ್ಟಿಸಬಲ್ಲದು ಎಂದು ಅಮೆರಿಕದ ಮೂಳೆವೈದ್ಯ ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದ್ದ. ಕೃತಕ ಹರಳುಗಳು ಬಹುಮಟ್ಟಿಗೆ ಹಂದರವಷ್ಟೇ. ಬಳ್ಳಿ ತಾನಾಗಿ ಬಂದು ಹಬ್ಬಬೇಕು.

ಎಕ್ಸ್‌ರೇ ಕುರಿತು ಒಂದು ಮಾತು ಹೇಳಲೇಬೇಕು. ಕೃತಕ ಹರಳು ಹಾಕಿದ ದಿನವೇ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಅದನ್ನು ತೋರಿಸಿ "ನೋಡಿ, ಮೂಳೆ ತುಂಬಿದೆ" ಎನ್ನುವುದು ಸುಳ್ಳು. ನಾನು ನಂಬುವುದು ಆರು ತಿಂಗಳ, ಒಂದು ವರ್ಷದ, ಮೂರು ವರ್ಷದ ಪ್ರೋಬ್ ಅಳತೆಯನ್ನು, ಅಂದರೆ ಗೆರೆ ಹಾಕಿದ ಸಣ್ಣ ಕಡ್ಡಿಯಿಂದ ಅಳೆದ ಒಸಡಿನ ಗುಳಿಯ ಆಳವನ್ನು. ಮೂರು ಕಡೆ ಮೂಳೆಯ ಗೋಡೆ ಇರುವ ಗುಳಿಯಲ್ಲಿ ಯಾವ ಬಗೆಯೂ ಚೆನ್ನಾಗಿ ನಡೆದಿದೆ. ಒಂದೇ ಗೋಡೆ ಉಳಿದಲ್ಲಿ, ಗುಟ್ಕಾ ಬೀಡಿ ಬಿಡದವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ದುಬಾರಿ ಸರಕೂ ನನ್ನ ಕೈ ಹಿಡಿದಿಲ್ಲ.

ಇನ್ನು ನನ್ನನ್ನು ತುಂಬಾ ನೋಯಿಸಿದ ಸಂಗತಿ. ಈ ಊರಿನಲ್ಲಿ ಗ್ರಾಫ್ಟ್ ಎಂದೊಡನೆ ಬರುವ ಮೊದಲ ಪ್ರಶ್ನೆ "ಅದು ಯಾವ ಪ್ರಾಣಿಯದು?" ಲಿಂಗಾಯತರ ಮನೆಗಳಿಂದ, ಜೈನರ ಮನೆಗಳಿಂದ ಬರುವವರು ಕೇಳುತ್ತಾರೆ, ಹಂದಿಯದಲ್ಲ ತಾನೇ ಎಂದು ಮುಸ್ಲಿಂ ರೋಗಿಗಳು ಕೇಳುತ್ತಾರೆ. ಹರಿಹರದಿಂದ ಬರುತ್ತಿದ್ದ, ದಿನವೂ ಇಷ್ಟಲಿಂಗ ಪೂಜೆ ಮಾಡಿಯೇ ಬಾಯಿಗೆ ನೀರು ಹಾಕುವ ತಾಯಿಯೊಬ್ಬರಿಗೆ "ಪೂರ್ತಿ ಕೃತಕವಮ್ಮ" ಎಂದು ಹೇಳಿ ಕೆಳದವಡೆಯ ಬಲಗಡೆ ಹೊಸ ಬಗೆಯ ಗ್ರಾಫ್ಟ್ ಹಾಕಿದೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕೃತಕ ಎಂದೇ ಇತ್ತು. ಎಡಗಡೆಯ ಹಲ್ಲಿಗೆ ತಯಾರಿ ಮಾಡುವಾಗ ಒಳಗಿನ ಚೀಟಿಯನ್ನು ಬಿಡಿಸಿ ಓದಿದೆ. ಹರಳು ಕೃತಕವೇ. ಅದನ್ನು ಹಿಡಿದಿಟ್ಟ ವಾಹಕ ದನದ ಕೊಲಾಜೆನ್, ಅಂದರೆ ದನದ ದೇಹದಿಂದ ತೆಗೆದ ನಾರಿನಂಥ ಪ್ರೋಟೀನ್.

ಅವರನ್ನು ಕರೆಸಿ, ಎದುರು ಕುಳಿತು ಹೇಳಿದೆ. ಕೊಲಾಜೆನ್ ಅಷ್ಟರಲ್ಲಿ ಕರಗಿರುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ನೆಪವಾಗಿ ಮುಂದಿಡಲು ಮನಸ್ಸು ಬರಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀವು ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಆದದ್ದು ಆಯಿತು, ಇನ್ನೊಂದಕ್ಕೆ ಅದು ಬೇಡ ತಾಯಿ" ಎಂದರು.

ಎಡಗಡೆಯ ಹಲ್ಲಿಗೆ ವಾಹಕವಾಗಿ ಅವರ ರಕ್ತವನ್ನೇ ಬಳಸಿದೆ. ಫ್ರಾನ್ಸಿನ ಶುಕ್ರೂನ್ 2001ರಲ್ಲಿ ಪ್ರಕಟಿಸಿದ ಪಿಆರ್‌ಎಫ್ ವಿಧಾನ ಅದು. ಪಿಆರ್‌ಎಫ್ ಎಂದರೆ ಪ್ಲೇಟ್‌ಲೆಟ್ ತುಂಬಿದ ಫೈಬ್ರಿನ್; ಫೈಬ್ರಿನ್ ಎಂದರೆ ರಕ್ತ ಹೆಪ್ಪುಗಟ್ಟುವಾಗ ಮೂಡುವ ನಾರಿನ ಬಲೆ. ತೋಳಿನಿಂದ ತೆಗೆದ ಹತ್ತು ಎಂಎಲ್ ರಕ್ತವನ್ನು ಹೆಪ್ಪುತಡೆಯ ಔಷಧಿ ಬೆರೆಸದೆ ತಕ್ಷಣ ಸೆಂಟ್ರಿಫ್ಯೂಜ್‌ನಲ್ಲಿಟ್ಟು, ನಿಮಿಷಕ್ಕೆ 2700 ಸುತ್ತಿನಂತೆ 12 ನಿಮಿಷ ತಿರುಗಿಸಬೇಕು. ಕೊಳವೆಯ ನಡುವೆ ತಿಳಿಹಳದಿ ಬಣ್ಣದ, ಎಳನೀರಿನ ಗಂಜಿಯಂಥ ಫೈಬ್ರಿನ್ ಗಟ್ಟಿ ನಿಲ್ಲುತ್ತದೆ. ಅದನ್ನು ಸಣ್ಣಗೆ ಕತ್ತರಿಸಿ ಕೃತಕ ಹರಳಿನ ಜೊತೆ ಕಲಸಿದರೆ ಇಡೀ ಗ್ರಾಫ್ಟ್ ಒಂದೇ ತುಣುಕಾಗಿ ಚಿಮಟದಲ್ಲಿ ಎದ್ದು ಬರುತ್ತದೆ. ಯಂತ್ರದ ಖರ್ಚು ಒಮ್ಮೆ, ವಾಹಕದ ಖರ್ಚು ಹೆಚ್ಚುಕಡಿಮೆ ಇಲ್ಲ, ಯಾವ ಮತದವರಿಗೂ ಮುಜುಗರವಿಲ್ಲ. ಆದರೆ ನಡುವೆ ಕರೆಂಟ್ ಹೋದರೆ ರಕ್ತ ಕೊಳವೆಯಲ್ಲೇ ಹೆಪ್ಪುಗಟ್ಟುತ್ತದೆ, ಮತ್ತೆ ಸೂಜಿ ಚುಚ್ಚಬೇಕಾಗುತ್ತದೆ. ಒಮ್ಮೆ ಹಾಗಾದ ಮೇಲೆ ಯುಪಿಎಸ್ ಹಾಕಿಸಿಕೊಂಡೆ.

ಈಗ ನನ್ನ ಬಳಿ ಇರುವುದು ಎರಡೇ ಬಗೆ: ಹಲ್ಲು ಕಿತ್ತ ಗುಳಿಗೆ ಗಾಜಿನ ಪುಟ್ಟಿ, ಒಸಡಿನ ಆಳದ ಗುಳಿಗೆ ಪಿಆರ್‌ಎಫ್‌ನಲ್ಲಿ ಕಲಸಿದ ಹರಳು. ಒಪ್ಪಿಗೆ ಪತ್ರದಲ್ಲಿ ಹರಳಿನ ಮೂಲಕ್ಕೊಂದು ಸಾಲು, ವಾಹಕದ ಮೂಲಕ್ಕೊಂದು ಸಾಲು, ಮೇಲೆ ಮುಚ್ಚುವ ಪೊರೆಗೊಂದು ಸಾಲು ಕನ್ನಡದಲ್ಲೇ ಇದೆ. ಪೆಟ್ಟಿಗೆಯ ಲೇಬಲ್ ಕಿತ್ತು ಅದೇ ಹಾಳೆಗೆ ಅಂಟಿಸುತ್ತೇನೆ.

ಹರಿಹರದ ಆ ತಾಯಿ ಮೊನ್ನೆ ಮೂರನೇ ವರ್ಷದ ತಪಾಸಣೆಗೆ ಬಂದಿದ್ದರು. ಎಡಗಡೆಯ ಗುಳಿ 8 ಮಿಲಿಮೀಟರ್ ಇದ್ದದ್ದು 4ಕ್ಕೆ ಇಳಿದಿದೆ, ಬಲಗಡೆಯದೂ ಅಷ್ಟೇ. ಪ್ರೋಬ್ ಹಿಡಿದು ಎರಡನ್ನೂ ಓದಿ ಹೇಳಿದೆ. ಅವರು ಎಡಗಡೆಯದನ್ನಷ್ಟೇ ಇನ್ನೊಮ್ಮೆ ಹೇಳಲು ಕೇಳಿದರು.