ರೈಸೆನ್ 5600, ಆರ್‌ಎಕ್ಸ್ 6600 ಮತ್ತು ಬೆಂಗಳೂರಿನ ಕರೆಂಟು: ಬಹಳ ದಿನ ಬಳಸಿದ ಮೇಲೆ

ರೈಸೆನ್ 5600 ಪ್ರೊಸೆಸರ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಿ ಜೋಡಿಸಿದ ನನ್ನಂಥ ಗೇಮಿಂಗ್ ಕಂಪ್ಯೂಟರ್ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಕೊಡುತ್ತದೆ ಅಂತ ಹುಡುಕಿದರೆ ಯೂಟ್ಯೂಬ್ ತುಂಬಾ ವಿಡಿಯೋಗಳಿವೆ. ಅದನ್ನೇ ಮತ್ತೆ ಇಲ್ಲಿ ಬರೆಯುವುದಿಲ್ಲ. ಫುಲ್ ಎಚ್‌ಡಿ ಮಾನಿಟರ್‌ಗೆ ಧಾರಾಳವಾಗಿ ಸಾಕು. ಆದರೆ ಆಟದ ಮಧ್ಯೆ ಕರೆಂಟ್ ಹೋದರೆ ಏನಾಗುತ್ತದೆ ಅಂತ ಆ ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ. ಉತ್ತರಹಳ್ಳಿ ಕಡೆ ಇರುವವರಿಗೆ ಅದೇ ಮೊದಲ ಪ್ರಶ್ನೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗಾಳಿ ಎದ್ದು ನಾಲ್ಕು ಹನಿ ಬಿದ್ದರೆ ಸಾಕು, ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬಿದ್ದು ಲೈನ್ ಹೋಗುತ್ತದೆ. ನಾನು ಆಡುವ ಹೊತ್ತೂ ಅದೇ.

ಪಾರ್ಟ್ಸ್ ಬೇಗ ಹೇಳಿಬಿಡುತ್ತೇನೆ. ರೈಸೆನ್ 5 5600, ಬಿ550 ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಆರ್‌ಎಕ್ಸ್ 6600, 550 ವ್ಯಾಟ್ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದಂತೆ ಇಳಿಸಿ ಕೊಡುವ ಪವರ್ ಸಪ್ಲೈ), ಮುಂದೆ ಜಾಲರಿ ಇರುವ ಕ್ಯಾಬಿನೆಟ್. ಮಾನಿಟರ್ ಬಿಟ್ಟು ಆಗ 60 ಸಾವಿರದ ಆಸುಪಾಸು ಆಗಿತ್ತು. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಕೂಡ ನೋಡಿದ್ದೆ, ಅದರಲ್ಲಿ 12 ಜಿಬಿ ಮೆಮೊರಿ ಇದೆ, ಆಸೆ ಆಗಿದ್ದು ನಿಜ. ಆದರೆ ಅದು 170 ವ್ಯಾಟ್‌ನ ಕಾರ್ಡ್, 6600 ಬರೀ 132. ಬೆಲೆಯೂ ಕಮ್ಮಿ ಇತ್ತು. ಈ 38 ವ್ಯಾಟ್ ವ್ಯತ್ಯಾಸ ನನ್ನ ಮನೆಯಲ್ಲಿ ಇಷ್ಟು ಕೆಲಸಕ್ಕೆ ಬರುತ್ತದೆ ಅಂತ ಆಗ ಅಂದುಕೊಂಡಿರಲಿಲ್ಲ.

ಕಂಪ್ಯೂಟರ್ ಪಾರ್ಟ್ಸ್ ಅಂಗಡಿಗಳಿರುವ ಎಸ್.ಪಿ. ರೋಡ್‌ನಲ್ಲಿ ನಾನು ಜಾಸ್ತಿ ಹೊತ್ತು ಕಳೆದದ್ದು ಎಸ್‌ಎಂಪಿಎಸ್ ವಿಷಯಕ್ಕೆ. ಒಂದು ಅಂಗಡಿಯಲ್ಲಿ "ಕ್ಯಾಬಿನೆಟ್ ಜೊತೆ 450 ವ್ಯಾಟ್ ಬರುತ್ತೆ ಸಾರ್, ಬೇರೆ ತಗೊಂಡು ಯಾಕೆ ದುಡ್ಡು ದಂಡ ಮಾಡ್ತೀರ" ಅಂದರು. ಡಬ್ಬಿ ತಿರುಗಿಸಿ ಪಕ್ಕದ ಸ್ಟಿಕರ್ ನೋಡಿದೆ. ಪ್ಲಸ್ 12 ವೋಲ್ಟ್ ಅಂತ ಇರುವ ಕಾಲಂ ಕೆಳಗೆ 18 ಆಂಪ್ ಅಂತಿತ್ತು. 12ಕ್ಕೆ 18 ಗುಣಿಸಿದರೆ 216 ವ್ಯಾಟ್, ಅಷ್ಟೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಆ 12 ವೋಲ್ಟ್ ಸಾಲಿನಿಂದಲೇ, ಹಾಗಾಗಿ ಡಬ್ಬಿ ಮೇಲಿನ ದೊಡ್ಡ ಅಕ್ಷರದ 450 ನಮ್ಮ ಉಪಯೋಗಕ್ಕೆ ಬರುವುದಿಲ್ಲ. ನಾನು ತಗೊಂಡದ್ದರಲ್ಲಿ ಅದೇ ಜಾಗದಲ್ಲಿ 45 ಆಂಪ್ ಇದೆ, ಅಂದರೆ 540 ವ್ಯಾಟ್. ದಯವಿಟ್ಟು ಈ ಒಂದು ಸಾಲು ಓದದೆ ದುಡ್ಡು ಕೊಡಬೇಡಿ.

ಇನ್ನು ಯುಪಿಎಸ್. ಮೊದಲು ಇಟ್ಟದ್ದು ಎಲ್ಲರೂ ಇಡುವ 600 ವಿಎ ಡಬ್ಬ. ಅದರ ಮೇಲೆ ನನಗೆ ಈಗಲೂ ಸಿಟ್ಟಿದೆ. 600 ಅನ್ನೋದು ವಿಎ (ವೋಲ್ಟ್-ಆಂಪ್), ವ್ಯಾಟ್ ಲೆಕ್ಕದಲ್ಲಿ 360. ಒಳಗಿನ ಬ್ಯಾಟರಿ 12 ವೋಲ್ಟ್ 7 ಎಎಚ್ (ಆಂಪ್-ಅವರ್) ಅಷ್ಟೇ, ಗೇಮ್ ಓಡುವಾಗ ಅದು ಎಷ್ಟು ನಿಮಿಷ ತಡೆದೀತು? ಕರೆಂಟ್ ಹೋದ ಕೂಡಲೇ ಕೀಂ ಕೀಂ ಶುರು. ಅದು ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆ, ಗೋಡೆಯ ಕರೆಂಟಿನಂಥ ನುಣುಪಾದ ಸೈನ್ ವೇವ್ ಅಲ್ಲ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಅಂತ ಕರೆಂಟನ್ನು ಸಮನಾಗಿ ಎಳೆಯುವ ಸರ್ಕ್ಯೂಟ್ ಇರುತ್ತದೆ, ಕೆಲವಕ್ಕೆ ಆ ಅಲೆ ಒಗ್ಗುವುದಿಲ್ಲ. ನನ್ನದು ಗುಂಯ್ ಅನ್ನುತ್ತಿತ್ತು. ಬ್ಯಾಟರಿ ಸ್ವಲ್ಪ ಹಳೆಯದಾದ ಮೇಲಂತೂ ಫೋರ್ಜಾ ಹೊರೈಜನ್ 5 ಓಡುತ್ತಿರುವಾಗ ಕರೆಂಟ್ ಹೋದರೆ ಯುಪಿಎಸ್ಸೂ ಜೊತೆಗೇ ಆಫ್. ಸರ್ವಿಸ್‌ಗೆ ಫೋನ್ ಮಾಡಿದರೆ ಲೋಡ್ ಜಾಸ್ತಿ ಅಂತ ಒಂದೇ ಉತ್ತರ. ವಾಟ್ ಮೀಟರ್ ಹಾಕಿ ನೋಡಿದ್ದೇನೆ, ಗೇಮ್ ಓಡುವಾಗ ಇಡೀ ಸಿಸ್ಟಂ 250 ವ್ಯಾಟ್ ಹತ್ತಿರ ಎಳೆಯುತ್ತದೆ, ಮಾನಿಟರ್ ಸೇರಿಸಿದರೂ 360 ಮುಟ್ಟುವುದಿಲ್ಲ. ಹೇಳಿದರೂ ಕೇಳುವವರಿಲ್ಲ.

ಬೇಜಾರಾಗಿ ದೊಡ್ಡ ಯುಪಿಎಸ್ ಬೆಲೆ ನೋಡುತ್ತಿದ್ದಾಗ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಕೇಳಿದರು, ಮನೆಯಲ್ಲಿ ಇನ್ವರ್ಟರ್ ಇದೆ ಅಲ್ವಾ, ಅದರ ಹಿಂದೆ ಸ್ವಿಚ್ ನೋಡಿದ್ದೀರಾ ಅಂತ. ನಮ್ಮದು 900 ವಿಎ ಪ್ಯೂರ್ ಸೈನ್ ವೇವ್, 150 ಎಎಚ್ ಟ್ಯೂಬುಲರ್ ಬ್ಯಾಟರಿ, ಫ್ಯಾನು ಲೈಟಿಗೆ ಅಂತ ಅಪ್ಪ ಹಾಕಿಸಿದ್ದು. ಹಿಂದೆ ಬೆರಳುಗುರಿನಷ್ಟು ಸ್ವಿಚ್ ಇದೆ, ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಯುಪಿಎಸ್. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗಲು ಹೊತ್ತು ಹಿಡಿಯುತ್ತದೆ, ಫ್ಯಾನಿಗೆ ಅದು ಗೊತ್ತಾಗುವುದಿಲ್ಲ, ಕಂಪ್ಯೂಟರ್‌ಗೆ ಗೊತ್ತಾಗುತ್ತದೆ. ಯುಪಿಎಸ್ ಕಡೆ ತಳ್ಳಿದರೆ ಸುಮಾರು 10 ಮಿಲಿಸೆಕೆಂಡ್‌ನಲ್ಲಿ ಬದಲಾಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಲೋಡ್‌ನಲ್ಲೂ ತನ್ನ ಕೆಪ್ಯಾಸಿಟರ್‌ನಲ್ಲಿರುವ ಕರೆಂಟಿನಲ್ಲಿ ಸುಮಾರು 16 ಮಿಲಿಸೆಕೆಂಡ್ ತಡೆಯಬೇಕು. ಲೋಡ್ ಅರ್ಧ ಇದ್ದರೆ ಇನ್ನೂ ಜಾಸ್ತಿ ತಡೆಯುತ್ತದೆ. 550ರ ಎಸ್‌ಎಂಪಿಎಸ್‌ನಿಂದ 250 ಮಾತ್ರ ಎಳೆಯುವುದರ ಲಾಭ ಇಲ್ಲಿದೆ. ಆ 38 ವ್ಯಾಟ್ ಅಂದೆನಲ್ಲ, ಅದೂ ಇಲ್ಲೇ ಲೆಕ್ಕಕ್ಕೆ ಬಂತು.

ವೈರಿಂಗ್ ಮಾತ್ರ ಮಾಡಿಸಬೇಕಾಯಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಲೈನ್ ಲೈಟು ಫ್ಯಾನಿಗೆ ಮಾತ್ರ ಇರುತ್ತದೆ, ಪ್ಲಗ್ ಪಾಯಿಂಟಿಗೆ ಇರುವುದಿಲ್ಲ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಮೊದಲೇ ಮಾತಾಡಿ. ಅದೇ ದಿನ ಅರ್ಥಿಂಗ್ ಕೂಡ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತಿದ್ದರೆ ಆ ಪಾಯಿಂಟಿಗೆ ಅರ್ಥ್ ಇಲ್ಲ ಅಂತಲೇ ಅನುಮಾನ ಪಡಬೇಕು. ನಮ್ಮ ರೂಮಲ್ಲಿ ಹಾಗೇ ಆಗುತ್ತಿತ್ತು, ಸರಿ ಮಾಡಿಸಿದ ಮೇಲೆ ನಿಂತಿತು.

ಈಗ ಕರೆಂಟ್ ಹೋದರೆ ಟ್ಯೂಬ್‌ಲೈಟ್ ಒಂದು ಸಲ ಮಿಣುಕ್ ಅನ್ನುತ್ತದೆ, ಹಾಲ್‌ನಿಂದ ಇನ್ವರ್ಟರ್ ಟಕ್ ಅಂತ ಕೇಳಿಸುತ್ತದೆ, ಗೇಮ್ ಓಡುತ್ತಲೇ ಇರುತ್ತದೆ. ನನ್ನ ಕೈ ತಾನಾಗಿ ಎಫ್11 ಕೀಗೆ ಹೋಗುತ್ತದೆ. ಅಲ್ಲಿ ಕಾರ್ಡಿನ ಸಾಫ್ಟ್‌ವೇರ್‌ನಲ್ಲಿರುವ ರೇಡಿಯಾನ್ ಚಿಲ್ ಇಟ್ಟುಕೊಂಡಿದ್ದೇನೆ, ಒತ್ತಿದರೆ ಎಫ್‌ಪಿಎಸ್ 60ಕ್ಕೆ ಕಟ್ಟಿಹಾಕುತ್ತದೆ. ಮೀಟರ್ ಮೇಲಿನ ಅಂಕಿ 250ರಿಂದ ಇಳಿದು 170ರ ಹತ್ತಿರ ಬಂದು ನಿಲ್ಲುವುದನ್ನು ನೋಡುವುದೇ ಒಂದು ಖುಷಿ. ಕಾರ್ಡಿನ ಫ್ಯಾನ್ ಸದ್ದೂ ತಗ್ಗುತ್ತದೆ. ಎಲ್ಡನ್ ರಿಂಗ್‌ಗೆ ಇದೂ ಬೇಕಿಲ್ಲ, ಅದು ಮೊದಲೇ 60 ದಾಟುವುದಿಲ್ಲ. ಫೈಬರ್ ರೂಟರ್‌ಗೆ ಮಾತ್ರ 12 ವೋಲ್ಟ್‌ನ ಪುಟ್ಟ ಯುಪಿಎಸ್ ಬೇರೆ ಇಟ್ಟಿದ್ದೇನೆ. ವ್ಯಾಲರಂಟ್ ಆಡುವವರು ಇದನ್ನು ಬಿಡಲೇಬೇಡಿ. ನೆಟ್ ಹೋಗಿ ಮ್ಯಾಚಿಂದ ಹೊರಗೆ ಬಿದ್ದರೆ ಪೆನಾಲ್ಟಿ ನಮಗೇ, ಜೊತೆಗಿರುವ ನಾಲ್ಕು ಜನರ ಆಟವೂ ಹಾಳು.

ತಿಂಗಳಿಗೊಮ್ಮೆ ಶನಿವಾರ ಬೆಳಿಗ್ಗೆ ಕಾಫಿ ಆದ ಮೇಲೆ ಕ್ಯಾಬಿನೆಟ್ ಜಾಲರಿ ಬಿಚ್ಚಿ, ಹಳೇ ಪೇಂಟ್ ಬ್ರಷ್‌ನಲ್ಲಿ ಧೂಳು ಹೊಡೆದು, ನಲ್ಲಿ ಕೆಳಗೆ ತೊಳೆದು, ಬಾಲ್ಕನಿಯಲ್ಲಿ ಒಣಗಲು ಇಡುತ್ತೇನೆ. ರಸ್ತೆ ಅಗೆಯುತ್ತಿದ್ದ ತಿಂಗಳುಗಳಲ್ಲಿ ಅದರ ಮೇಲೆ ಕೆಂಪು ಪದರವೇ ಕೂತಿರುತ್ತಿತ್ತು. ಅದು ಒಣಗುವಷ್ಟರಲ್ಲಿ ಇನ್ವರ್ಟರ್ ಬ್ಯಾಟರಿಯ ಫ್ಲೋಟ್ (ಒಳಗಿನ ನೀರಿನ ಮಟ್ಟ ತೋರಿಸುವ ಕಡ್ಡಿ) ನೋಡಿ, ಕೆಳಗಿಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕುತ್ತೇನೆ. ಮೊದಲು ಅಪ್ಪ ಮಾಡುತ್ತಿದ್ದ ಕೆಲಸ, ಈಗ ನನ್ನದು.

ತೊಂದರೆ ಇಲ್ಲ ಅಂತಲ್ಲ. ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜ್ 180ಕ್ಕಿಂತ ಕೆಳಗೆ ಹೋದರೆ ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಗೆ ಹಾರುತ್ತದೆ. ಬೇಸಿಗೆ ಸಂಜೆ ಎಲ್ಲರೂ ಎಸಿ ಹಾಕಿದಾಗ ಇದು ಆಗುತ್ತಲೇ ಇರುತ್ತದೆ. ಬ್ಯಾಟರಿಗೆ ಕೆಲಸ ಜಾಸ್ತಿ, ಆಯಸ್ಸು ಸ್ವಲ್ಪ ಕಮ್ಮಿಯೇ ಆಗುತ್ತದೆ. ರಾತ್ರಿ ಬಹಳ ಹೊತ್ತು ಕರೆಂಟ್ ಬಾರದಿದ್ದರೆ ನಾನು ಆಟ ನಿಲ್ಲಿಸುತ್ತೇನೆ, ಅಮ್ಮನ ಫ್ಯಾನು ಮುಖ್ಯ.

ಕಾರ್ಡಿನ ಬಗ್ಗೆ ಒಂದೇ ದೂರು. ಹೊಸ ಗೇಮ್‌ಗಳಲ್ಲಿ ಅದರ 8 ಜಿಬಿ ಮೆಮೊರಿ ಬೇಗ ತುಂಬುತ್ತದೆ, ಟೆಕ್ಸ್ಚರ್ ಒಂದು ಹಂತ ಇಳಿಸಬೇಕಾಗುತ್ತದೆ. ಮುಂದೆ ಬದಲಿಸುವುದಾದರೆ ನಾನು ಮೊದಲು ನೋಡುವುದು ವ್ಯಾಟ್, ಆಮೇಲೆ ಉಳಿದದ್ದು. ಆರ್‌ಟಿಎಕ್ಸ್ 5060ಗೆ 145 ವ್ಯಾಟ್, ಆದರೆ ಅದೂ 8 ಜಿಬಿಯೇ. ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಕಾರ್ಡ್ 160 ವ್ಯಾಟ್, ಈ ಎಸ್‌ಎಂಪಿಎಸ್‌ಗೂ ಇನ್ವರ್ಟರ್‌ಗೂ ಅದು ಭಾರ ಆಗುವುದಿಲ್ಲ. ಬೆಲೆ ಇನ್ನೂ ನನ್ನ ಬಜೆಟ್ಟಿಗೆ ಬಂದಿಲ್ಲ. ಬಂದ ದಿನ ಎಸ್.ಪಿ. ರೋಡ್‌ಗೆ ಹೋಗುತ್ತೇನೆ.