ಪ್ಲಗ್ ವೈರಿಗೆ ಬಿಸಿಯಿಂದ ರಕ್ಷಣೆ: ಕರಾವಳಿಯ ಕಾರಿನಲ್ಲಿ ನಾಲ್ಕು ವಿಧಾನಗಳ ಹೋಲಿಕೆ

ಹಳೆಯ ಪೆಟ್ರೋಲ್ ಕಾರಿಗೆ ಎಂಜಿನ್ನಿನ ಬಿಸಿ ಹೊಗೆಯನ್ನು ಹೊರಗೊಯ್ಯುವ ಕಂಪನಿಯ ಮ್ಯಾನಿಫೋಲ್ಡ್ ತೆಗೆದು, ಅದರ ಜಾಗದಲ್ಲಿ ಉಕ್ಕಿನ ಕೊಳವೆಗಳ ಹೆಡರ್ ಕೂರಿಸಿದರೆ ಪಿಕಪ್ ಹೆಚ್ಚುವುದು ನಿಜ. ಆದರೆ ಹೆಡರಿನ ಕೊಳವೆಗಳು ಸ್ಪಾರ್ಕ್ ಪ್ಲಗ್ಗುಗಳ ತೀರ ಹತ್ತಿರ ಹಾದುಹೋಗುವ ಎಂಜಿನ್ನುಗಳಲ್ಲಿ ಪ್ಲಗ್ ವೈರಿನ ತುದಿಯ ಸಿಲಿಕೋನ್ ಕ್ಯಾಪುಗಳು ಹೆಚ್ಚು ದಿನ ಬಾಳುವುದಿಲ್ಲ. ಜೋರಾಗಿ ಓಡಿಸಿದಾಗ ಹೆಡರಿನ ಮೈ 500 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಸಿಲಿಕೋನ್ ರಬ್ಬರ್ ದೀರ್ಘಕಾಲ ತಾಳುವುದು ಸುಮಾರು 200 ಡಿಗ್ರಿಯನ್ನು ಮಾತ್ರ. ಗಡುಸಾದ ಕ್ಯಾಪು ಬಾಯಂಚಿನಲ್ಲಿ ಬಿರಿಯುತ್ತದೆ, ಕಿಡಿ ಅಲ್ಲಿಂದಲೇ ಎಂಜಿನ್ನಿನ ಮೈಗೆ ಹಾರುತ್ತದೆ, ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ಲಿನಿಂದ ಗೀಚಿದಂತಹ ಕಪ್ಪು ಗೆರೆ ಮೂಡುತ್ತದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಏರುವಾಗ ಎಂಜಿನ್ ಮಿಸ್ ಹೊಡೆಯತೊಡಗಿದರೆ ಮೊದಲು ಹುಡುಕಬೇಕಾದದ್ದು ಈ ಗೆರೆಯನ್ನು.

ಒಂದೇ ಕಾರಿನಲ್ಲಿ, ಮಳೆಗಾಲವನ್ನೂ ಸೇರಿಸಿ, ನಾನು ನಾಲ್ಕು ವಿಧಾನಗಳನ್ನು ಬಳಸಿ ನೋಡಿದ್ದೇನೆ. ಬರೀ ಶಾಖ ತಡೆಯುವುದೇ ಮಾನದಂಡವಾದರೆ ಹೆಡರಿಗೆ ಸುತ್ತುವ ಬಸಾಲ್ಟ್ ನೂಲಿನ ಪಟ್ಟಿಯೇ ಮೇಲು. ಬಾನೆಟ್ಟಿನ ಒಳಗೆಲ್ಲ ಬಿಸಿ ಇಳಿಯುತ್ತದೆ. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ, ಅದೂ ಪಣಂಬೂರಿನಂತಹ ಕಡಲಂಚಿನಲ್ಲಿ ಕಾರು ನಿಲ್ಲಿಸುವವರಿಗೆ, ಈ ಪಟ್ಟಿ ಉಪ್ಪುನೀರನ್ನು ಹೀರಿ ಕೊಳವೆಗೆ ಅಂಟಿಸಿಕೊಂಡೇ ಇರುತ್ತದೆ. ಮಳೆಗಾಲ ಕಳೆದು ಬಿಚ್ಚಿದಾಗ ಉಕ್ಕಿನ ಮೈಯಿಂದ ತುಕ್ಕು ಹಕ್ಕಳೆಹಕ್ಕಳೆಯಾಗಿ ಕೈಗೆ ಬಂತು. ಘಟ್ಟದ ಮೇಲಿನ ಒಣಹವೆಯವರು ಇದನ್ನು ಹೊಗಳುವುದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಸ್ಟೇನ್‌ಲೆಸ್ ಹೆಡರ್ ಇಲ್ಲದೆ ಇದರ ಗೊಡವೆ ಬೇಡ.

ಕ್ಯಾಪಿನ ಮೇಲೆ ತೊಡಿಸುವ ಗಾಜಿನ ನೂಲಿನ ಸ್ಲೀವ್ ಎಲ್ಲಕ್ಕಿಂತ ಅಗ್ಗ, ಹಾಕುವುದೂ ಸುಲಭ. ಹಾಕಿದ ಮೇಲೆ ಸಂಜೆಯವರೆಗೂ ಬೆರಳು ತುರಿಸುತ್ತದೆ, ಅಷ್ಟೇ. ಒಣಗಿರುವಾಗ ಚೆನ್ನಾಗಿ ಕೆಲಸ ಮಾಡುವ ಈ ಸ್ಲೀವ್ ಒದ್ದೆಯಾದಾಗ ವಿದ್ಯುತ್ತಿಗೆ ದಾರಿಯಾಗಬಲ್ಲದು. ಪ್ಲಗ್ ವೈರಿನಲ್ಲಿ ಹರಿಯುವುದು 20,000 ವೋಲ್ಟಿಗೂ ಮೀರಿದ ಒತ್ತಡ ಎಂಬುದನ್ನು ಮರೆಯಬಾರದು. ಕ್ಯಾಪಿನ ಒಳಬಾಯಿಗೆ ಸಿಲಿಕೋನ್ ಗ್ರೀಸ್ ಸವರಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹೊಳೆಯುವ ಅಲ್ಯೂಮಿನಿಯಂ ಹೊದಿಕೆಯ ಸ್ಲೀವನ್ನು ಮಾತ್ರ ಕ್ಯಾಪಿನ ಬಳಿ ತರದಿರುವುದು ಒಳ್ಳೆಯದು.

ಪಿಂಗಾಣಿ ಕ್ಯಾಪುಗಳಿಗೆ ಬಿಸಿಯ ಭಯವೇ ಇಲ್ಲ, ಆದರೆ ಬೆಲೆ ಹೆಚ್ಚು, ಪ್ಲಗ್ ಬಿಚ್ಚುವಾಗ ಸ್ಪ್ಯಾನರ್ ತಗುಲಿದರೆ ಒಡೆಯುತ್ತವೆ.

ನನ್ನ ಆಯ್ಕೆ ತಗಡಿನ ಮರೆ. ಹೆಡರಿನಿಂದ ಕ್ಯಾಪಿಗೆ ಬರುವ ಶಾಖದಲ್ಲಿ ಹೆಚ್ಚಿನ ಪಾಲು ವಿಕಿರಣದ್ದಾದ್ದರಿಂದ, ನಡುವೆ ಒಂದು ಹೊಳಪಿನ ತಗಡು ನಿಂತು ಅದರ ಎರಡೂ ಬದಿ ಗಾಳಿಯಾಡಲು ಬೆರಳಗಲ ಜಾಗವಿದ್ದರೆ ಸಾಕು. ಘಾಟಿ ಏರಿ ಚಹಾಕ್ಕೆಂದು ಎಂಜಿನ್ ಆಫ್ ಮಾಡಿದ ಕೂಡಲೇ, ಗಾಳಿಯ ಓಟ ನಿಂತು ಕ್ಯಾಪುಗಳು ಅತಿ ಹೆಚ್ಚು ಬೇಯುವ ಹೊತ್ತಿನಲ್ಲಿ, ಇದರ ಉಪಯೋಗ ಎದ್ದು ಕಾಣುತ್ತದೆ. ನೀರು ನಿಲ್ಲದು, ಉಪ್ಪು ತೊಳೆದರೆ ಹೋಗುತ್ತದೆ. ಬೈಕಂಪಾಡಿಯ ತಗಡು ಕೆಲಸದವರೊಬ್ಬರು ಸ್ಟೇನ್‌ಲೆಸ್ ತುಂಡಿನಿಂದ ಅಳತೆಗೆ ಮಾಡಿಕೊಟ್ಟರು. ಬೋಲ್ಟು ಸಡಿಲವಾದರೆ ಗಿರಗಿರ ಸದ್ದು ಮಾಡುತ್ತದೆ, ಪ್ಲಗ್ ಬದಲಿಸಲು ಪ್ರತಿ ಸಲವೂ ಮರೆ ಕಳಚಬೇಕು. ಕೊನೆಯ ಸಿಲಿಂಡರಿನ ಬಳಿ ತಗಡಿಗೆ ಜಾಗವಿಲ್ಲದ ಕಾರಣ ಅಲ್ಲಿ ಸ್ಲೀವನ್ನೇ ಉಳಿಸಿಕೊಂಡಿದ್ದೇನೆ. ಮಳೆ ಹಿಡಿಯುವ ಮುನ್ನ ಅದನ್ನು ತೆಗೆದು ಹೊಸದು ಹಾಕುತ್ತೇನೆ.