ಎಂಟು ವರ್ಷ, ಮೂರು ಅಪ್‌ಗ್ರೇಡ್, ಒಂದು -805

ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆದರೆ ನಾನು ಮಾಡುವ ಮೊದಲ ಕೆಲಸ ಒಂದೇ. ಸಿಸ್‌ಡಮ್ಮಿ1 ಅನ್ನುವ ಟೇಬಲ್‌ಗೆ ಒಂದು ಸೆಲೆಕ್ಟ್, ಅಂದರೆ 'ನಿನ್ನಲ್ಲಿರುವುದನ್ನು ಕೊಡು' ಅನ್ನುವ ಪ್ರಶ್ನೆ, ಕಳಿಸುತ್ತೇನೆ. ಡಿಬಿ2 ಅನ್ನುವ ಐಬಿಎಂ ಡೇಟಾಬೇಸ್ ಜೊತೆ ಏಗಿದವರಿಗೆ ಈ ಟೇಬಲ್ ಗೊತ್ತು. ಅದರಲ್ಲಿರುವುದು ಒಂದೇ ಸಾಲು, ಒಂದೇ ಕಾಲಂ, ಅದರೊಳಗೆ ಒಂದೇ ಅಕ್ಷರ: ವೈ. ಆ ವೈ ಬಂದರೆ ನನ್ನ ದಿನ ಶುರು. ಬರಲಿಲ್ಲ ಅಂದರೆ ಕಾಫಿ ಆರಿಹೋಗುತ್ತದೆ.

ಆ ಅಕ್ಷರ ಬರುವುದು ಅಮೆರಿಕದ ಮಧ್ಯಭಾಗದ ಒಂದು ವಿಮಾ ಕಂಪನಿಯ ಮೇನ್‌ಫ್ರೇಮ್ ಅನ್ನುವ ದೈತ್ಯ ಕಂಪ್ಯೂಟರ್‌ನಿಂದ. ನಾನು ಕೂತಿರುವುದು ಬೆಂಗಳೂರಿನ ಜೆ.ಪಿ. ನಗರದಲ್ಲಿ, ಊಟದ ಮೇಜಿನ ಮುಂದೆ. ಮಧ್ಯೆ ಇರುವುದೇ ಈ ಬರಹದ ವಿಷಯ: ಎಂಟು ವರ್ಷದಿಂದ ನಾವು ಬಳಸುತ್ತಿರುವ ಗೇಟ್‌ವೇ, ಎರಡು ಡೇಟಾಬೇಸ್‌ಗಳ ನಡುವೆ ಮಾತು ದಾಟಿಸುವ ಸಾಫ್ಟ್‌ವೇರ್. ಅದರ ಹೆಸರು ಹಾಕುವುದಿಲ್ಲ. ಮಾರಿದವರ ಜೊತೆ ಕರಾರು ಇನ್ನೂ ನಡೆಯುತ್ತಿದೆ, ಜೊತೆಗೆ ನಾನು ಬೈಯುವ ವಿಷಯಕ್ಕೆ ಈ ಜಾತಿಯ ಬೇರೆ ಸಾಫ್ಟ್‌ವೇರ್‌ಗಳೂ ಹೊರತಲ್ಲ. ಎಷ್ಟು ಮೆಮೊರಿ ಬೇಕು, ಯಾವ ಲಿನಕ್ಸ್‌ನಲ್ಲಿ ಓಡುತ್ತದೆ ಅನ್ನುವುದೆಲ್ಲ ಅವರ ಬ್ರೋಷರ್‌ನಲ್ಲೇ ಇದೆ. ನಾನು ಹೇಳಬೇಕಿರುವುದು ಅಲ್ಲಿ ಇಲ್ಲದ್ದು.

ಪಾಲಿಸಿಗಳೆಲ್ಲ ಮೇನ್‌ಫ್ರೇಮ್‌ನ ಡಿಬಿ2ನಲ್ಲಿವೆ. ಕ್ಲೈಮ್‌ಗಳು ಲಿನಕ್ಸ್ ಮೇಲಿನ ಬೇರೆ ಡೇಟಾಬೇಸ್‌ನಲ್ಲಿವೆ. ಕ್ಲೈಮ್ ನೋಡುವವರಿಗೆ ಪಾಲಿಸಿ ಈ ಕ್ಷಣ ಜೀವಂತ ಇದೆಯೋ ಇಲ್ಲವೋ ಗೊತ್ತಾಗಬೇಕು. ನಮ್ಮ ಡೇಟಾಬೇಸ್ ತನ್ನ ಎಸ್‌ಕ್ಯೂಎಲ್‌ನಲ್ಲಿ, ಅಂದರೆ ಡೇಟಾಬೇಸ್‌ಗೆ ಪ್ರಶ್ನೆ ಹಾಕುವ ಭಾಷೆಯಲ್ಲಿ, ಕೇಳುತ್ತದೆ. ಗೇಟ್‌ವೇ ಅದನ್ನು ಡಿಬಿ2ಗೆ ತಿಳಿಯುವ ಹಾಗೆ ತಿರುಗಿಸಿ ಡಿಆರ್‌ಡಿಎ ಅನ್ನುವ, ಡೇಟಾಬೇಸ್‌ಗಳು ದೂರದಿಂದ ಮಾತಾಡುವ ಪದ್ಧತಿಯ ದಾರಿಯಲ್ಲಿ 446ನೇ ಪೋರ್ಟ್‌ಗೆ ಕಳಿಸುತ್ತದೆ. ಉತ್ತರವನ್ನು ನಮ್ಮ ಭಾಷೆಗೆ ತಂದು ಕೊಡುತ್ತದೆ. ಇಷ್ಟೇ ಅದರ ಕೆಲಸ.

ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆ ಅಂದರೆ, ಹೋದ ವರ್ಷ ನಮ್ಮ ಟೀಮಿಗೆ ಸೇರಿದ ಹುಡುಗಿ ಮೂರು ತಿಂಗಳು ಪಾಲಿಸಿ ಟೇಬಲ್‌ಗೆ ಜಾಯಿನ್ (ಎರಡು ಟೇಬಲ್ ಸೇರಿಸಿ ಕೇಳುವ ಪ್ರಶ್ನೆ) ಬರೆದಳು. ಆಮೇಲೆ ಒಂದು ದಿನ "ಸರ್, ಈ ಮೇನ್‌ಫ್ರೇಮ್ ಮೇನ್‌ಫ್ರೇಮ್ ಅಂತೀರಲ್ಲ, ಅದನ್ನ ನಾವು ಯಾವಾಗ ಮುಟ್ಟೋದು?" ಅಂತ ಕೇಳಿದಳು. "ದಿನಾ ಮುಟ್ತಾ ಇದ್ದೀಯಲ್ಲಮ್ಮ" ಅಂದೆ. ಟೇಬಲ್ ಪಕ್ಕದಲ್ಲೇ ಇದೆ ಅಂದುಕೊಂಡಿದ್ದಳು. ಗೇಟ್‌ವೇಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಾನು ಕೊಡಲಾರೆ.

ಮೊದಲ ಸಲ ಇನ್‌ಸ್ಟಾಲ್ ಮಾಡಿದಾಗ ಏನೂ ಕಷ್ಟ ಆಗಲಿಲ್ಲ. ಆ ಕಡೆಯ ಹಿರಿಯ ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವರು, ಒಬ್ಬರಿದ್ದಾರೆ. ನಮ್ಮನಮ್ಮಲ್ಲಿ ಅವರಿಗೆ ತಾತ ಅಂತಲೇ ಹೆಸರು. ಅವರಿಂದ ನಾಲ್ಕು ವಿವರ ತೆಗೆದುಕೊಂಡೆವು: ಹೋಸ್ಟ್, ಪೋರ್ಟ್, ಲೊಕೇಶನ್ ಹೆಸರು, ಒಂದು ಯೂಸರ್ ಐಡಿ. ಅವರು ತಮ್ಮ ಸ್ಕ್ರೀನ್‌ನಲ್ಲಿ ಡಿಸ್‌ಪ್ಲೇ ಡಿಡಿಎಫ್ ಅಂತ ಹೊಡೆದು ಬಂದದ್ದನ್ನು ಓದಿದರು, ನಾನು ಬರೆದುಕೊಂಡೆ. "ನೀವು ಪುಣ್ಯವಂತರು" ಅಂದರು ತಾತ. ಅವರ ಕಾಲದಲ್ಲಿ ಇದೇ ಕೆಲಸಕ್ಕೆ ಎಸ್‌ಎನ್‌ಎ, ಎಲ್‌ಯು 6.2, ವಿಟ್ಯಾಮ್ ಅಂತ ಹಳೇ ನೆಟ್‌ವರ್ಕ್ ವ್ಯವಸ್ಥೆಗಳಿಗಾಗಿ ಮೂರು ಟೀಮಿನ ಕಾಲು ಹಿಡಿಯಬೇಕಿತ್ತಂತೆ. 1997ರಲ್ಲಿ ಬಂದ ಡಿಬಿ2 ಐದನೇ ಆವೃತ್ತಿಯಲ್ಲಿ ಇಂಟರ್‌ನೆಟ್ ಬಳಸುವ ಟಿಸಿಪಿ/ಐಪಿ ದಾರಿ ತೆರೆಯಿತು. ಅಲ್ಲಿಂದ ಈಚೆಗೆ ಹುಟ್ಟಿದವರೆಲ್ಲ ಅವರ ಲೆಕ್ಕದಲ್ಲಿ ಪುಣ್ಯವಂತರೇ.

ಮೊದಲ ವರ್ಷದ ಒಂದು ತಮಾಷೆ ಹೇಳಿಬಿಡುತ್ತೇನೆ. ಏಜೆಂಟರ ಟಿಪ್ಪಣಿಗಳಲ್ಲೆಲ್ಲ ಆಶ್ಚರ್ಯಸೂಚಕ ಇರಬೇಕಾದ ಕಡೆ ಚೌಕ ಬ್ರಾಕೆಟ್ ಬರುತ್ತಿತ್ತು. 'ಅರ್ಜೆಂಟ್!' ಅಂತ ಇರಬೇಕಾದದ್ದು 'ಅರ್ಜೆಂಟ್]' ಅಂತ ಕಾಣುತ್ತಿತ್ತು. ಎಲ್ಲರೂ ಗೇಟ್‌ವೇಗೆ ಬೈದೆವು, ಟಿಕೆಟ್ ಹಾಕಿದೆವು. ಕೊನೆಗೆ ನೋಡಿದರೆ ಅದರ ತಪ್ಪೇ ಅಲ್ಲ. ಮೇನ್‌ಫ್ರೇಮ್ ಅಕ್ಷರ ಬರೆಯುವುದು ಎಬ್‌ಸಿಡಿಕ್ ಅನ್ನುವ ತನ್ನದೇ ಸಂಕೇತದಲ್ಲಿ, ಅದರಲ್ಲೂ ಹತ್ತಾರು ಕೋಡ್‌ಪೇಜ್‌ಗಳು, ಅಂದರೆ ಯಾವ ಬೈಟ್ ಯಾವ ಅಕ್ಷರ ಅನ್ನುವ ಪಟ್ಟಿಗಳು. ಡಿಬಿ2 ತನ್ನ ಟೇಬಲ್ 500ನೇ ಪಟ್ಟಿಯಲ್ಲಿದೆ ಅಂತ ಹೇಳಿಕೊಳ್ಳುತ್ತಿತ್ತು. ಏಜೆಂಟರು ಟೈಪ್ ಮಾಡಿದ ಟರ್ಮಿನಲ್‌ಗಳು 037. ಹೆಕ್ಸ್‌ನಲ್ಲಿ 5ಎ ಅನ್ನುವ ಬೈಟ್ 037ರಲ್ಲಿ ಆಶ್ಚರ್ಯಸೂಚಕ, 500ರಲ್ಲಿ ಬ್ರಾಕೆಟ್. ಮೇನ್‌ಫ್ರೇಮ್ ಒಳಗೆ ಯಾರೂ ಅದನ್ನು ತಿರುಗಿಸುತ್ತಿರಲಿಲ್ಲ. ಹಾಗಾಗಿ ಅಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಗೇಟ್‌ವೇ ಪ್ರಾಮಾಣಿಕವಾಗಿ ಅನುವಾದ ಮಾಡಿತು, ಹಳೇ ಹುಳುಕು ಹೊರಗೆ ಬಂತು. ಪಾಪ, ಸುಮ್ನೆ ಬೈಸಿಕೊಂಡಿತು.

ಇನ್ನೊಂದು ಟೇಬಲ್‌ನಲ್ಲಿ ಗ್ರಾಹಕರ ನಂಬರ್ ಕಾಲಂ ಅನ್ನು ಯಾರೋ ಪುಣ್ಯಾತ್ಮರು 'ಫಾರ್ ಬಿಟ್ ಡೇಟಾ' ಅಂತ ಮಾಡಿಟ್ಟಿದ್ದರು. ಹಾಗೆ ಬರೆದರೆ ಅನುವಾದವೇ ಇಲ್ಲ, ಬೈಟ್ ಇದ್ದ ಹಾಗೇ ಬರುತ್ತದೆ. ಎಬ್‌ಸಿಡಿಕ್‌ನ ಖಾಲಿ ಜಾಗ ನಮ್ಮ ಕಡೆ @ ಆಗಿ ಕಾಣುತ್ತದೆ. ಅಂಕಿಗಳ ಜಾಗದಲ್ಲಿ ವಿಚಿತ್ರ ಅಕ್ಷರಗಳು, ಅವುಗಳ ಹಿಂದೆ @@@@ ಅಂತ ಬಾಲ. ಈಗ ಎಲ್ಲಿ @ ಸಾಲು ಕಂಡರೂ ಎದುರಿಗಿರುವುದು ಅನುವಾದ ಆಗದ ಎಬ್‌ಸಿಡಿಕ್ ಅಂತ ದೂರದಿಂದಲೇ ಹೇಳುತ್ತೇನೆ.

ಇಲ್ಲಿಯವರೆಗೆ ಹೊಗಳಿಕೆ ಜಾಸ್ತಿ ಆಯಿತು. ಈಗ ಆ ಭಾನುವಾರಕ್ಕೆ ಬರೋಣ.

ಜನವರಿ ತಿಂಗಳು. ಮೊದಲ ದೊಡ್ಡ ಅಪ್‌ಗ್ರೇಡ್. ಅವರ ಶನಿವಾರ ರಾತ್ರಿ 11 ಗಂಟೆಗೆ ಚೇಂಜ್ ವಿಂಡೋ (ಬದಲಾವಣೆಗೆ ಬಿಟ್ಟ ಹೊತ್ತು), ನಮಗೆ ಭಾನುವಾರ ಬೆಳಿಗ್ಗೆ ಹತ್ತೂವರೆ. ಅಡುಗೆಮನೆಯಲ್ಲಿ ಹಿತಕಿದ ಅವರೆಬೇಳೆ ಸಾರು ಕುದಿಯುತ್ತಿತ್ತು. ಹನ್ನೆರಡಕ್ಕೆ ಮುಗಿಸಿ ಊಟಕ್ಕೆ ಕೂರುವುದು ಅಂತ ನನ್ನ ಪ್ಲಾನ್. ಹಳೇದನ್ನು ನಿಲ್ಲಿಸಿದೆವು, ಹೊಸದನ್ನು ಹಾಕಿದೆವು, ಕಾನ್ಫಿಗ್ ಫೈಲ್ ನಕಲು ಮಾಡಿದೆವು. ಇನ್‌ಸ್ಟಾಲರ್ ಹಸಿರು ಟಿಕ್ ತೋರಿಸಿತು: ಯಶಸ್ವಿಯಾಗಿ ಮುಗಿದಿದೆ. ಅದರ ಜೊತೆ ಬರುವ ಕನೆಕ್ಷನ್ ಟೆಸ್ಟ್ ಒತ್ತಿದೆ. ಅದಕ್ಕೂ ಹಸಿರು ಟಿಕ್. ಬ್ರಿಡ್ಜ್ ಕಾಲ್‌ನಲ್ಲಿ, ಅಂದರೆ ಎರಡೂ ಕಡೆಯವರು ಸೇರಿದ ಫೋನ್ ಕರೆಯಲ್ಲಿ, ಎಲ್ಲರಿಗೂ ಧನ್ಯವಾದ ಹೇಳಿದ್ದೂ ಆಯಿತು.

ಹನ್ನೊಂದೂ ಮುಕ್ಕಾಲಿಗೆ ಮೊದಲ ನಿಜವಾದ ಕ್ವೆರಿ ಹೋಯಿತು. ಬಂದದ್ದು -805 ಅನ್ನುವ ಡಿಬಿ2 ತಪ್ಪಿನ ಕೋಡ್.

ಗೊತ್ತಿಲ್ಲದವರಿಗೆ ಎರಡು ಮಾತು. ಡಿಬಿ2 ಬರೀ ಎಸ್‌ಕ್ಯೂಎಲ್ ಕೊಟ್ಟರೆ ಓಡಿಸುವುದಿಲ್ಲ. ಕೇಳಿಕೊಂಡು ಬಂದ ಪ್ರೋಗ್ರಾಂನ ಹೆಸರಿನಲ್ಲಿ ಅದರ ಹತ್ತಿರ ಒಂದು ಪ್ಯಾಕೇಜ್ ಇರಬೇಕು. ಅದನ್ನು ಮೊದಲೇ ಬೈಂಡ್ ಮಾಡಿ, ಅಂದರೆ ಡಿಬಿ2 ಒಳಗೆ ಸಿದ್ಧಪಡಿಸಿ, ಇಟ್ಟಿರಬೇಕು. ಆ ಪ್ಯಾಕೇಜ್ ಮೇಲೆ ಕನ್ಸಿಸ್ಟೆನ್ಸಿ ಟೋಕನ್ ಅಂತ ಒಂದು ಗುರುತು ಇರುತ್ತದೆ. ಪ್ರೋಗ್ರಾಂ ತರುವ ಗುರುತು, ಅಲ್ಲಿರುವ ಗುರುತು ಎರಡೂ ಒಂದೇ ಆಗಿರಬೇಕು. ಗೇಟ್‌ವೇ ಹೊಸ ಆವೃತ್ತಿ ಆಯಿತು ಅಂದರೆ ಗುರುತೂ ಹೊಸದು. ಡಿಬಿ2 ಹುಡುಕಿತು, ಸಿಗಲಿಲ್ಲ, 'ಪ್ಯಾಕೇಜ್ ಇಲ್ಲ' ಅಂತ -805 ಕೊಟ್ಟಿತು. ಅದರದ್ದೇನೂ ತಪ್ಪಿಲ್ಲ. ಮದುವೆ ಮನೆ ಬಾಗಿಲಲ್ಲಿ ನಿಂತವರು 'ನಿಮ್ಮ ಗುರುತು ಸಿಗಲಿಲ್ಲ' ಅಂದ ಹಾಗೆ.

ಮತ್ತೆ ಕನೆಕ್ಷನ್ ಟೆಸ್ಟ್ ಹೇಗೆ ಪಾಸಾಯಿತು? ಅದು ಬಾಗಿಲವರೆಗೆ ಹೋಗಿ ಯೂಸರ್ ಐಡಿ, ಪಾಸ್‌ವರ್ಡ್ ಕೊಟ್ಟು ವಾಪಸ್ ಬರುತ್ತದೆ. ಒಂದೇ ಒಂದು ಸೆಲೆಕ್ಟ್ ಓಡಿಸುವುದಿಲ್ಲ. ಸೆಲೆಕ್ಟ್ ಓಡಿಸಿದರೆ ತಾನೇ ಪ್ಯಾಕೇಜ್ ಬೇಕಾಗುವುದು? ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೆ. ಸಿಸ್‌ಡಮ್ಮಿ1 ಇರುವುದೇ ಇಂಥದ್ದಕ್ಕೆ. ಒಂದು ಅಕ್ಷರ ಕೇಳಿ ನೋಡಿದ್ದರೆ ಹನ್ನೊಂದು ಗಂಟೆಗೇ ಗೊತ್ತಾಗುತ್ತಿತ್ತು. ಆ ಹಸಿರು ಟಿಕ್ ಹಾಕಿದವರನ್ನು ಒಂದು ಸಲ ನಮ್ಮ ಬ್ರಿಡ್ಜ್ ಕಾಲ್‌ನಲ್ಲಿ ಕೂರಿಸಬೇಕು.

ಬೈಂಡ್ ಮಾಡೋಣ ಅಂದರೆ ಅದಕ್ಕೆ ಬೈಂಡ್‌ಆ್ಯಡ್ ಅಧಿಕಾರ ಬೇಕು. ನಮ್ಮ ಐಡಿಗೆ ಇರಲಿಲ್ಲ. ಮೊದಲ ಇನ್‌ಸ್ಟಾಲ್ ದಿನ ಮಾರಿದವರ ಇಂಜಿನಿಯರ್ ಜೊತೆಗಿದ್ದರು. ತಾತ ಅವತ್ತು ಅಧಿಕಾರ ಕೊಟ್ಟು, ಬೈಂಡ್ ಆದ ಮೇಲೆ ವಾಪಸ್ ತೆಗೆದುಕೊಂಡಿದ್ದರು. ನಮಗೆ ಅದು ನೆನಪೇ ಇರಲಿಲ್ಲ. ಈಗ ಅಲ್ಲಿ ಮಧ್ಯರಾತ್ರಿ ದಾಟಿದೆ. ತಾತ ಮಲಗಿದ್ದಾರೆ. ಡ್ಯೂಟಿಯಲ್ಲಿದ್ದ ಹುಡುಗ "ಅದಕ್ಕೆ ಸೆಕ್ಯುರಿಟಿ ಟೀಮ್ ಒಪ್ಪಿಗೆ ಬೇಕು" ಅಂದ. ಅಡುಗೆಮನೆಯಿಂದ "ಏನ್ರೀ, ತಟ್ಟೆ ಹಾಕಲಾ?" ಅಂತ ಮೂರು ಸಲ ಕೇಳಿ ನನ್ನ ಹೆಂಡತಿ ತಾನೊಬ್ಬಳೇ ಊಟ ಮಾಡಿದಳು. ಮೂರು ಗಂಟೆಗೆ ರೋಲ್‌ಬ್ಯಾಕ್ ಮಾಡಿದೆವು. ಹಳೇ ಪ್ಯಾಕೇಜ್ ಅಲ್ಲೇ ಇತ್ತು, ಹಳೇ ಗೇಟ್‌ವೇ ತಕ್ಷಣ ಎದ್ದಿತು. ಸಾರು ತಣ್ಣಗಾಗಿ ಗಟ್ಟಿಯಾಗಿತ್ತು. ಅದಕ್ಕೆ ನೀರು ಹಾಕಿ ಬಿಸಿ ಮಾಡಬಾರದು ಅನ್ನುವುದೂ ಅವತ್ತೇ ಗೊತ್ತಾಯಿತು.

ಮ್ಯಾನುವಲ್‌ನಲ್ಲಿ ಈ ವಿಷಯ ಇಲ್ಲವೇ? ಇದೆ. ಇನ್‌ಸ್ಟಾಲ್ ಮುಗಿದ ಮೇಲಿನ ಅಧ್ಯಾಯದಲ್ಲಿ, ನಡುವೆ ಎಲ್ಲೋ, ಒಂದು ವಾಕ್ಯ. ಮೇಲಕ್ಕೆ ಒಂದು ಬಾಕ್ಸ್ ಕಟ್ಟಿ ದಪ್ಪಕ್ಷರದಲ್ಲಿ ಹಾಕಬೇಕಾದ ವಾಕ್ಯ.

ಅವತ್ತಿನಿಂದ ಬಂದದ್ದೇ ನನ್ನ ಬೆಳಗಿನ ವೈ.

ಎರಡನೇ ಅಪ್‌ಗ್ರೇಡ್‌ಗೆ ಬುದ್ಧಿ ಬಂದಿತ್ತು. ಹೊಸ ಪ್ಯಾಕೇಜ್‌ಗಳನ್ನು ಬೇರೆ ಕಲೆಕ್ಷನ್ ಹೆಸರಿನಲ್ಲಿ ಹಾಕಿದರೆ ಹಳೇದೂ ಹೊಸದೂ ಅಕ್ಕಪಕ್ಕ ಇರಬಹುದು. ಹಾಗಾಗಿ ಒಂದು ವಾರ ಮೊದಲೇ ತಾತನಿಂದ ಬೈಂಡ್ ಮಾಡಿಸಿದೆ. ಭಾನುವಾರ ಧೈರ್ಯವಾಗಿ ಕೂತೆ. 805 ಬರಲಿಲ್ಲ. -551 ಬಂತು! ಪ್ಯಾಕೇಜ್ ಇದೆ, ಆದರೆ ಅದನ್ನು ಓಡಿಸಲು ನಮ್ಮ ಐಡಿಗೆ ಗ್ರ್ಯಾಂಟ್ ಕೊಟ್ಟಿಲ್ಲ. ಈ ಸಲ ತಾತ ಕಾಲ್‌ನಲ್ಲೇ ಇದ್ದರು. ನಕ್ಕರು, ಐದು ನಿಮಿಷದಲ್ಲಿ ಕೊಟ್ಟರು. ಮೂರನೇ ಅಪ್‌ಗ್ರೇಡ್ 40 ನಿಮಿಷದಲ್ಲಿ ಮುಗಿಯಿತು. ಅದರ ಬಗ್ಗೆ ಹೇಳಲು ಏನೂ ಇಲ್ಲ, ಅದೇ ಸುಖ.

ವೇಗದ ವಿಷಯಕ್ಕೆ ಬಂದರೆ ಒಂದು ಕಿರಿಕಿರಿ ಇದೆ, ಅದಕ್ಕೊಂದು ನ್ಯಾಯವಾದ ಕಾರಣವೂ ಇದೆ. ಹೆಸರಿನ ಕಾಲಂ ಮೇಲೆ 'ಇದಕ್ಕಿಂತ ದೊಡ್ಡದು', 'ಇದರಿಂದ ಅದರವರೆಗೆ' ಅಂತ ಕೇಳಿದರೆ ಗೇಟ್‌ವೇ ಆ ಶರತ್ತನ್ನು ಆ ಕಡೆಗೆ ಕಳಿಸುವುದಿಲ್ಲ. ಟೇಬಲ್ ಪೂರ್ತಿ ಎಳೆದುಕೊಂಡು ಇಲ್ಲಿ ಸೋಸುತ್ತದೆ. ಯಾಕೆ ಅಂದರೆ ಎಬ್‌ಸಿಡಿಕ್‌ನಲ್ಲಿ ಸಣ್ಣಕ್ಷರ ಮೊದಲು, ಆಮೇಲೆ ದೊಡ್ಡಕ್ಷರ, ಅಂಕಿಗಳು ಕೊನೆಗೆ. ನಮ್ಮ ಕಡೆಯ ಆಸ್ಕಿ ಸಂಕೇತದಲ್ಲಿ ಪೂರ್ತಿ ಉಲ್ಟಾ: ಅಂಕಿ, ದೊಡ್ಡಕ್ಷರ, ಸಣ್ಣಕ್ಷರ. 'ದೊಡ್ಡದು' ಅಂದರೆ ಎರಡು ಕಡೆ ಎರಡು ಅರ್ಥ. ತಪ್ಪು ಉತ್ತರ ಬೇಗ ಕೊಡುವುದಕ್ಕಿಂತ ಸರಿ ಉತ್ತರ ನಿಧಾನಕ್ಕೆ ಕೊಡುತ್ತದೆ. ಅದನ್ನು ಒಪ್ಪುತ್ತೇನೆ. ಆದರೆ ಪಾಲಿಸಿ ಟೇಬಲ್ ಪೂರ್ತಿ ಸಮುದ್ರ ದಾಟಿ ಬರುವಾಗ ಆ ಒಪ್ಪಿಗೆ ಸ್ವಲ್ಪ ಅಲುಗಾಡುತ್ತದೆ. ಈಗ ಅಂಥ ಕ್ವೆರಿಗಳಲ್ಲಿ ಶರತ್ತನ್ನು ನಂಬರ್ ಅಥವಾ ದಿನಾಂಕದ ಕಾಲಂ ಮೇಲೆ ಹಾಕುತ್ತೇವೆ. ಅದು ಸರಾಗವಾಗಿ ಆ ಕಡೆ ಹೋಗುತ್ತದೆ.

ಇನ್ನೊಂದು ಸಣ್ಣ ಅಭ್ಯಾಸ ಮಾಡಿಕೊಳ್ಳಿ. ಬರೀ ಸೆಲೆಕ್ಟ್ ಮಾಡಿದರೂ ಕಮಿಟ್ ('ನನ್ನ ಕೆಲಸ ಮುಗಿಯಿತು' ಅನ್ನುವ ಆಜ್ಞೆ) ಹೊಡೆಯಿರಿ. ಇಲ್ಲದಿದ್ದರೆ ಗೇಟ್‌ವೇ ಆ ಕಡೆ ಒಂದು ಥ್ರೆಡ್, ಅಂದರೆ ನಮಗಾಗಿ ತೆರೆದ ಸಂಪರ್ಕ, ಹಿಡಿದುಕೊಂಡು ಕೂತಿರುತ್ತದೆ. ಸುಮ್ಮನೆ ಕೂತ ಥ್ರೆಡ್‌ಗೆ ಡಿಬಿ2 ಕೊಡುವ ಮಾಮೂಲಿ ಗಡುವು 120 ಸೆಕೆಂಡ್, ಆಮೇಲೆ ಕಡಿದುಹಾಕುತ್ತದೆ. ನಾನು ಕಾಫಿ ತರಲು ಎದ್ದು ಹೋಗಿ ಬರಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಇನ್ನು ದುಡ್ಡು. ನನ್ನ ಜೇಬಿನದ್ದಲ್ಲ, ಆದರೆ ಪ್ರತಿ ವರ್ಷ ನವೀಕರಣದ ಹೊತ್ತಿಗೆ 'ಇದು ಬೇಕಾ?' ಅನ್ನುವ ಪ್ರಶ್ನೆ ನನ್ನ ಮೇಜಿಗೇ ಬರುತ್ತದೆ. ಗೇಟ್‌ವೇ ಲೈಸೆನ್ಸ್ ಒಂದು ಖರ್ಚು. ಅದಕ್ಕಿಂತ ಭಯ ಹುಟ್ಟಿಸುವುದು ಮೇನ್‌ಫ್ರೇಮ್ ಬಿಲ್. ಅಲ್ಲಿ ತಿಂಗಳಲ್ಲಿ ಪ್ರೊಸೆಸರ್ ಅತಿ ಹೆಚ್ಚು ದುಡಿದ ನಾಲ್ಕು ಗಂಟೆಗಳ ಸರಾಸರಿ ನೋಡಿ ಸಾಫ್ಟ್‌ವೇರ್ ಬಿಲ್ ಹಾಕುವ ಪದ್ಧತಿ ಇದೆ. ನಮ್ಮ ಹುಡುಗರು ತಿಂಗಳ ಕೊನೆಯಲ್ಲಿ, ಅವರ ಹಗಲು ಹೊತ್ತಿನಲ್ಲಿ ಒಂದು ಕೆಟ್ಟ ಜಾಯಿನ್ ಬಿಟ್ಟರೆ ಅದರ ಬಿಸಿ ಯಾರಿಗೋ ತಟ್ಟುತ್ತದೆ. ಇಲ್ಲಿ ನನಗೆ ಸಿಕ್ಕ ಅನಿರೀಕ್ಷಿತ ಖುಷಿ ಅಂದರೆ ಜಿಪ್ ಪ್ರೊಸೆಸರ್. 2006ರಿಂದ ಮೇನ್‌ಫ್ರೇಮ್‌ಗಳಲ್ಲಿ ಇರುವ ವಿಶೇಷ ಪ್ರೊಸೆಸರ್ ಅದು. ಡಿಆರ್‌ಡಿಎ ಮೂಲಕ ಟಿಸಿಪಿ/ಐಪಿಯಲ್ಲಿ ಬರುವ ಕೆಲಸದ ಒಂದು ಭಾಗ ಅದರ ಮೇಲೆ ಓಡುತ್ತದೆ, ಆ ಭಾಗ ಆ ಬಿಲ್ ಲೆಕ್ಕಕ್ಕೆ ಸೇರುವುದಿಲ್ಲ. ತಾತ ಒಂದು ದಿನ ಗ್ರಾಫ್ ತೋರಿಸಿ ಇದನ್ನು ಹೇಳಿದಾಗ ಆ ಭಾನುವಾರದ ಸಿಟ್ಟು ಅರ್ಧ ಇಳಿಯಿತು. ನವೀಕರಣದ ಫಾರ್ಮ್‌ನಲ್ಲಿ ಬರೆಯಲು ನನಗೊಂದು ಗಟ್ಟಿ ಕಾರಣ ಸಿಕ್ಕಿತು.

ಆದರೆ ನಿಮಗೆ ನಿನ್ನೆಯ ಲೆಕ್ಕ ಸಾಕು ಅಂತಿದ್ದರೆ ಇದನ್ನು ಕೊಳ್ಳಬೇಡಿ. ರಾತ್ರಿ ಟೇಬಲ್ ಅನ್‌ಲೋಡ್ ಮಾಡಿ ಫೈಲ್ ಕಳಿಸುವ ಒಂದು ಜಾಬ್ ಸಾಕು. ನಮಗೆ ಈ ಕ್ಷಣದ ಪಾಲಿಸಿ ಬೇಕು, ಅದಕ್ಕೆ ಇಟ್ಟುಕೊಂಡಿದ್ದೇವೆ. ಐದಕ್ಕೆ ನಾಲ್ಕು ಕೊಡುತ್ತಿದ್ದೆ. ಹಸಿರು ಟಿಕ್‌ಗೆ ಒಂದು ಕಡಿದು ಮೂರು.

ಹೋದ ವಾರ ಹೊಸ ಆವೃತ್ತಿ ಬಂದಿದೆ ಅಂತ ಮೇಲ್ ಬಂತು. ಬಿಡುಗಡೆ ಟಿಪ್ಪಣಿ ತೆರೆದು ಬೈಂಡ್ ಅಂತ ಹುಡುಕಿದೆ. ಒಂದೇ ಕಡೆ ಇದೆ, ಮತ್ತೆ ನಡುವೆ ಎಲ್ಲೋ. ಕನೆಕ್ಷನ್ ಟೆಸ್ಟ್ ಬಗ್ಗೆ 'ಈಗ ಇನ್ನೂ ವೇಗ' ಅಂತ ಬರೆದಿದ್ದಾರೆ. ತಾತ ಮಾರ್ಚ್‌ನಲ್ಲಿ ನಿವೃತ್ತಿ ಆಗುತ್ತಾರಂತೆ. ಬೈಂಡ್‌ಗೂ ಗ್ರ್ಯಾಂಟ್‌ಗೂ ಸೇರಿಸಿ ಫೆಬ್ರವರಿಗೇ ಟಿಕೆಟ್ ಹಾಕಿದ್ದೇನೆ, ಅಪ್‌ಗ್ರೇಡ್ ಮೇ ತಿಂಗಳಲ್ಲಿದ್ದರೂ.